ಸುಂಕದ ಪೆಟ್ಟಿಗೆಯೂ ಕಟ್ಟದೇ ಉಳಿದ ಸುರಂಗವೂ

ನ್ಯೂಜೆರ್ಸಿಯ ಗ್ರೀನ್‌ವಿಲ್ ಯಾರ್ಡ್‌ನಲ್ಲಿ ನಿಂತ ಗೂಡ್ಸ್ ವ್ಯಾಗನ್ನಿಗೂ ಎದುರು ದಡದ ಬ್ರೂಕ್ಲಿನ್‌ಗೂ ನಡುವೆ ಇರುವುದು ನ್ಯೂಯಾರ್ಕ್ ಬಂದರಿನ ನಾಲ್ಕೈದು ಕಿಲೋಮೀಟರು ನೀರು ಮಾತ್ರ. ಆದರೆ ಆ ವ್ಯಾಗನ್ ಹಳಿಯ ಮೇಲೆಯೇ ಬ್ರೂಕ್ಲಿನ್ ಸೇರಬೇಕಾದರೆ ಹಡ್ಸನ್ ನದಿಯ ಪಶ್ಚಿಮ ದಂಡೆಯಲ್ಲಿ ಸುಮಾರು 225 ಕಿ.ಮೀ. ಉತ್ತರಕ್ಕೆ ಹೋಗಿ, ಆಲ್ಬನಿಯ ಸಮೀಪದ ಸೆಲ್ಕರ್ಕ್ ಬಳಿ ಸೇತುವೆ ದಾಟಿ, ಪೂರ್ವ ದಂಡೆಯಲ್ಲಿ ಅಷ್ಟೇ ದೂರ ದಕ್ಷಿಣಕ್ಕೆ ಇಳಿದು ಬರಬೇಕು. ಕಣ್ಣಳತೆಯ ದೂರಕ್ಕೆ 450 ಕಿ.ಮೀ. ಸುತ್ತು. ಸಹಜವಾಗಿಯೇ ಯಾವ ವ್ಯಾಪಾರಿಯೂ ಈ ಸುತ್ತಿಗೆ ಒಪ್ಪುವುದಿಲ್ಲ. ಸರಕು ನ್ಯೂಜೆರ್ಸಿಯಲ್ಲೇ ರೈಲಿನಿಂದ ಇಳಿದು ಲಾರಿ ಏರುತ್ತದೆ. ಸೇತುವೆಗಳನ್ನು ದಾಟಿ ನಗರದೊಳಕ್ಕೆ ನುಗ್ಗುತ್ತದೆ. ಬ್ರೂಕ್ಲಿನ್, ಕ್ವೀನ್ಸ್ ಹಾಗೂ ಅವುಗಳ ಪೂರ್ವಕ್ಕಿರುವ ಲಾಂಗ್ ಐಲೆಂಡ್ ಪ್ರದೇಶದಲ್ಲಿ ಒಟ್ಟು 80 ಲಕ್ಷದಷ್ಟು ಜನರಿದ್ದಾರೆ. ಅವರು ಉಣ್ಣುವ, ಉಡುವ, ಕಟ್ಟುವ ವಸ್ತುಗಳಲ್ಲಿ ಬಹುಪಾಲು ಬರುವುದು ಹೀಗೆ. ನ್ಯೂಯಾರ್ಕ್ ನಗರಾಡಳಿತವೇ ಹೇಳುವಂತೆ ಅಲ್ಲಿನ ಸರಕಿನಲ್ಲಿ ಶೇ 90ರಷ್ಟು ಸಾಗುವುದು ಲಾರಿಯಲ್ಲಿ.

ಈ ನೀರಿನಡಿ ಗೂಡ್ಸ್ ರೈಲಿಗೆಂದು ಒಂದು ಸುರಂಗ ಕೊರೆಯಬೇಕೆಂಬ ಯೋಜನೆಗೆ ಈಗ ನೂರು ವರ್ಷ ಮೀರಿದೆ. ವಿಶೇಷವೆಂದರೆ, ಇದು ಕಡತದಲ್ಲಿ ಕಳೆದುಹೋದ ಯಾರೋ ಕನಸುಗಾರನ ಟಿಪ್ಪಣಿಯಲ್ಲ. ಬಂದರಿನ ರೈಲ್ವೆ ಗೊಂದಲವನ್ನು ಪರಿಹರಿಸಲೆಂದೇ ಶಾಸನಬದ್ಧ ಸಂಸ್ಥೆಯೊಂದನ್ನು ಹುಟ್ಟುಹಾಕಲಾಯಿತು. ಆ ಸಂಸ್ಥೆಯ ಮೊದಲ ಮಹಾಯೋಜನೆಯಲ್ಲಿಯೇ ಸುರಂಗವಿತ್ತು. ಸಂಸ್ಥೆ ಬೆಳೆಯಿತು, ಜಗದ್ವಿಖ್ಯಾತವಾಯಿತು, ವಿಮಾನ ನಿಲ್ದಾಣಗಳನ್ನು ನಡೆಸಿತು, ಗಗನಚುಂಬಿಗಳನ್ನು ಕಟ್ಟಿತು. ಸುರಂಗವನ್ನು ಮಾತ್ರ ಕಟ್ಟಲಿಲ್ಲ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಯ ಬಗ್ಗೆ ಬೆಂಗಳೂರಿನಲ್ಲಿ ಇಷ್ಟೊಂದು ವಾದವಿವಾದ ನಡೆದಿರುವಾಗ, ಆ ಕಟ್ಟದ ಸುರಂಗದ ಚರಿತ್ರೆಯನ್ನು ಓದಿಕೊಳ್ಳುವುದು ವ್ಯರ್ಥವಲ್ಲ ಎಂದು ನನ್ನ ಭಾವನೆ. ನಗರವೊಂದರಲ್ಲಿ ಏನು ನಿರ್ಮಾಣವಾಗುತ್ತದೆ ಎಂಬುದನ್ನು ಅಗತ್ಯವು ನಿರ್ಧರಿಸುತ್ತದೆಯೋ ಅಥವಾ ಕಟ್ಟುವವನ ಗಲ್ಲಾಪೆಟ್ಟಿಗೆ ನಿರ್ಧರಿಸುತ್ತದೆಯೋ ಎಂಬ ಪ್ರಶ್ನೆಗೆ ಅಷ್ಟು ಸ್ಪಷ್ಟವಾದ ಉತ್ತರ ಬೇರೆಡೆ ಸಿಗುವುದು ಕಷ್ಟ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಪಶ್ಚಿಮ ಮತ್ತು ದಕ್ಷಿಣ ದಿಕ್ಕುಗಳಿಂದ ಬರುತ್ತಿದ್ದ ಬಹುತೇಕ ರೈಲು ಮಾರ್ಗಗಳು ನ್ಯೂಜೆರ್ಸಿಯ ದಡದಲ್ಲಿ ಬಂದು ನಿಲ್ಲುತ್ತಿದ್ದವು. ಹಡಗುಕಟ್ಟೆಗಳು, ಗೋದಾಮುಗಳು, ಕಾರ್ಖಾನೆಗಳು ಮತ್ತು ಗಿರಾಕಿಗಳು ಇದ್ದದ್ದು ಎದುರು ದಡದಲ್ಲಿ. ಹೀಗಾಗಿ ಹಳಿ ಜೋಡಿಸಿದ ಚಪ್ಪಟೆ ನಾವೆಗಳ ಮೇಲೆ ವ್ಯಾಗನ್‌ಗಳನ್ನು ಏರಿಸಿ, ಟಗ್ ದೋಣಿಗಳಿಂದ ಎಳೆಸಿ ದಾಟಿಸುವ ಪದ್ಧತಿ ಬೆಳೆಯಿತು. ಪ್ರತಿಯೊಂದು ರೈಲ್ವೆ ಕಂಪನಿಗೂ ಅದರದೇ ನಾವೆಗಳು, ಅದರದೇ ಕಟ್ಟೆಗಳು. ದಾಟಿಸುವ ಖರ್ಚನ್ನು ಪ್ರತ್ಯೇಕವಾಗಿ ವಸೂಲು ಮಾಡದೆ ಒಟ್ಟು ದರದಲ್ಲಿಯೇ ಸೇರಿಸುತ್ತಿದ್ದುದರಿಂದ ತನಗೆ ಅನ್ಯಾಯವಾಗುತ್ತಿದೆ ಎಂದು ನ್ಯೂಜೆರ್ಸಿ ತಕರಾರು ತೆಗೆಯಿತು. ಅಂತರರಾಜ್ಯ ವಾಣಿಜ್ಯ ಆಯೋಗವು 1917ರಲ್ಲಿ ಆ ವಾದವನ್ನು ತಳ್ಳಿಹಾಕಿತು. ಬಂದರು ಒಂದೇ ಆಗಿರುವುದರಿಂದ ಎರಡೂ ರಾಜ್ಯಗಳು ಸಹಕರಿಸಿ ನಡೆಯಬೇಕೆಂದು ಬುದ್ಧಿವಾದವನ್ನೂ ಹೇಳಿತು.

ಬುದ್ಧಿವಾದಕ್ಕಿಂತ ದೊಡ್ಡ ಪಾಠ ಅದೇ ಚಳಿಗಾಲದಲ್ಲಿ ಬಂತು. ಮೊದಲ ಮಹಾಯುದ್ಧದ ಸರಕು ಬಂದರಿಗೆ ಹರಿದು ಬಂದು, ವ್ಯಾಗನ್‌ಗಳು ಯಾರ್ಡ್‌ಗಳಲ್ಲಿ ಸಾಲುಗಟ್ಟಿ ಕದಲದೆ ನಿಂತವು. ನ್ಯೂಜೆರ್ಸಿಯ ದಡದಲ್ಲಿ ಕಲ್ಲಿದ್ದಲು ಇದ್ದರೂ ಎದುರು ದಡದ ನಗರ ಚಳಿಯಲ್ಲಿ ನಡುಗಿತು. 1917ರ ಡಿಸೆಂಬರ್ ಅಂತ್ಯದಲ್ಲಿ ಒಕ್ಕೂಟ ಸರ್ಕಾರವು ದೇಶದ ರೈಲ್ವೆಗಳನ್ನೇ ತನ್ನ ವಶಕ್ಕೆ ತೆಗೆದುಕೊಳ್ಳಬೇಕಾಯಿತು. ಈ ಅನುಭವದ ಫಲವಾಗಿ 1921ರ ಏಪ್ರಿಲ್‌ನಲ್ಲಿ ಎರಡೂ ರಾಜ್ಯಗಳು ಒಪ್ಪಂದ ಮಾಡಿಕೊಂಡು ನ್ಯೂಯಾರ್ಕ್ ಬಂದರು ಪ್ರಾಧಿಕಾರವನ್ನು ಸ್ಥಾಪಿಸಿದವು. 1922ರಲ್ಲಿ ಅದು ಮುಂದಿಟ್ಟ ಸಮಗ್ರ ಯೋಜನೆಯಲ್ಲಿ ಎಲ್ಲ ರೈಲ್ವೆಗಳೂ ಹಂಚಿಕೊಳ್ಳಬಹುದಾದ ವರ್ತುಲ ಮಾರ್ಗಗಳಿದ್ದವು. ಗ್ರೀನ್‌ವಿಲ್‌ನಿಂದ ಬ್ರೂಕ್ಲಿನ್‌ನ ಬೇ ರಿಡ್ಜ್‌ಗೆ ನೀರಿನಡಿಯ ಸರಕು ಸುರಂಗವೂ ಇತ್ತು.

ಅಂದಿನ ಮೇಯರ್ ಜಾನ್ ಹೈಲನ್ ಅವರಿಗೆ ಪ್ರಾಧಿಕಾರವನ್ನು ಕಂಡರಾಗುತ್ತಿರಲಿಲ್ಲ. ಬ್ರೂಕ್ಲಿನ್‌ನಿಂದ ಸ್ಟೇಟನ್ ದ್ವೀಪಕ್ಕೆ ನಗರದ್ದೇ ಪ್ರತ್ಯೇಕ ರೈಲು ಸುರಂಗವನ್ನು 1923ರಲ್ಲಿ ಅವರು ತೋಡಲಾರಂಭಿಸಿದರು. 1925ರಲ್ಲಿ ಅದೂ ನಿಂತುಹೋಯಿತು. ಒಂದೇ ನೀರಿನಡಿಗೆ ಎರಡು ಸುರಂಗಗಳ ಪೈಪೋಟಿ ನಡೆದು ಕೊನೆಗೆ ಒಂದೂ ಆಗದೇ ಹೋದದ್ದನ್ನು ಓದುವಾಗ ಬೇರೆ ಬೇರೆ ಇಲಾಖೆಗಳ ನಡುವಿನ ಸಮನ್ವಯ ಸಭೆಗಳಲ್ಲಿ ಕುಳಿತು ಎದ್ದವರಿಗೆ ಆಶ್ಚರ್ಯವೇನೂ ಆಗಲಾರದು.

ಆದರೆ ಪ್ರಾಧಿಕಾರದ ಸುರಂಗ ಬೀಳಲು ಕಾರಣ ಮೇಯರ್ ಒಬ್ಬರಲ್ಲ. ರೈಲ್ವೆ ಕಂಪನಿಗಳಿಗೆ ತಮ್ಮ ತಮ್ಮ ಕಟ್ಟೆಗಳೇ ವ್ಯಾಪಾರದ ಬಲವಾಗಿದ್ದವು. ಎಲ್ಲರಿಗೂ ಸಮಾನವಾಗಿ ಸಿಗುವ ಸುರಂಗವೊಂದು ಬಂದರೆ ಆ ಬಲ ಹೋಗುತ್ತದೆ. ಅವು ಸಹಕರಿಸಲಿಲ್ಲ. ಸಹಕರಿಸುವಂತೆ ಬಲವಂತಪಡಿಸುವ ಅಧಿಕಾರ ಪ್ರಾಧಿಕಾರಕ್ಕೆ ಇರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ತೆರಿಗೆ ವಿಧಿಸುವ ಅಧಿಕಾರವೂ ಅದಕ್ಕೆ ಇರಲಿಲ್ಲ. ಸಾಲಪತ್ರಗಳನ್ನು ಮಾರಿ ಹಣ ಎತ್ತಬೇಕು, ಕಟ್ಟಿದ ಸೌಕರ್ಯವನ್ನು ಬಳಸುವವರಿಂದ ಶುಲ್ಕ ಪಡೆದು ಸಾಲ ತೀರಿಸಬೇಕು ಎಂಬುದೇ ಅದರ ಆರ್ಥಿಕ ವ್ಯವಸ್ಥೆ. ಕಾಗದದ ಮೇಲೆ ಇದು ಅತ್ಯಂತ ಶಿಸ್ತಿನ ಏರ್ಪಾಡು. ಆದರೆ ರೈಲ್ವೆಗಳು ಬಾರದ ಸುರಂಗಕ್ಕೆ ಶುಲ್ಕ ಕೊಡುವವರು ಯಾರು?

ಅದೇ ದಶಕದಲ್ಲಿ ಮೋಟಾರು ವಾಹನ ಬಂತು. ಅದರ ಜೊತೆಗೆ, ಪ್ರತಿ ಚಾಲಕನಿಂದಲೂ ಗೇಟಿನಲ್ಲಿಯೇ ನಾಣ್ಯ ಎಣಿಸಿಕೊಳ್ಳಬಹುದಾದ ಅವಕಾಶವೂ ಬಂತು. 1927ರಲ್ಲಿ ತೆರೆದ ಹಾಲೆಂಡ್ ರಸ್ತೆ ಸುರಂಗವನ್ನು ಕಟ್ಟಿದ್ದು ಬೇರೆ ಆಯೋಗಗಳಾದರೂ, ಅದರ ಸುಂಕದ ಆದಾಯ ಕೆಲವೇ ವರ್ಷಗಳಲ್ಲಿ ಬಂದರು ಪ್ರಾಧಿಕಾರದ ಕೈಸೇರಿತು. 1928ರಲ್ಲಿ ಗೋಥಲ್ಸ್ ಸೇತುವೆ, 1931ರಲ್ಲಿ ಬೇಯಾನ್ ಮತ್ತು ಜಾರ್ಜ್ ವಾಷಿಂಗ್ಟನ್ ಸೇತುವೆಗಳು, 1937ರಲ್ಲಿ ಲಿಂಕನ್ ರಸ್ತೆ ಸುರಂಗ. ಪ್ರತಿಯೊಂದು ರಸ್ತೆ ದಾಟುವಿಕೆಯೂ ಮುಂದಿನದಕ್ಕೆ ಬಂಡವಾಳ ಒದಗಿಸಿತು. ಹಳಿಗಳಿಗಾಗಿ ಹುಟ್ಟಿದ ಸಂಸ್ಥೆ ಹತ್ತೇ ವರ್ಷಗಳಲ್ಲಿ ಡಾಂಬರಿನ ಸಂಸ್ಥೆಯಾಯಿತು. ಇದರಲ್ಲಿ ಭ್ರಷ್ಟಾಚಾರವಿರಲಿಲ್ಲ, ಅದಕ್ಷತೆಯೂ ಇರಲಿಲ್ಲ. ಆ ಅಧಿಕಾರಿಗಳು ತಮ್ಮ ಸಾಲಗಾರರಿಗೆ ನಿಷ್ಠರಾಗಿ, ಅತ್ಯಂತ ದಕ್ಷತೆಯಿಂದ, ತಮಗೆ ಹೇಳಿದ್ದನ್ನು ಬಿಟ್ಟು ಬೇರೆಯದನ್ನು ಕಟ್ಟಿದರು ಅಷ್ಟೆ.

ಆ ನಿಷ್ಠೆ ಎಷ್ಟು ಗಟ್ಟಿಯಾಗಿತ್ತು ಎಂಬುದಕ್ಕೆ 1962ರ ಒಂದು ಕರಾರು ಸಾಕ್ಷಿ. ಹಡ್ಸನ್ ನದಿಯಡಿ ಓಡುತ್ತಿದ್ದ ದಿವಾಳಿಯಾದ ಪ್ರಯಾಣಿಕರ ರೈಲು ಮಾರ್ಗವನ್ನು ಪ್ರಾಧಿಕಾರ ಆ ವರ್ಷ ವಹಿಸಿಕೊಳ್ಳಬೇಕಾಯಿತು. ಸುಂಕದ ಹಣ ರೈಲಿನ ನಷ್ಟ ತುಂಬಲು ಹರಿದುಹೋದೀತು ಎಂದು ಸಾಲಪತ್ರ ಹೊಂದಿದವರು ಅಂಜಿದರು. ಪ್ರಾಧಿಕಾರದ ಮೀಸಲು ನಿಧಿಯನ್ನು ನಷ್ಟದ ರೈಲು ಸಾರಿಗೆಗೆ ಬಳಸುವುದಕ್ಕೆ ಮಿತಿ ಹಾಕುವ ಭರವಸೆಯನ್ನು ಎರಡೂ ರಾಜ್ಯಗಳು ಶಾಸನದಲ್ಲಿಯೇ ಬರೆದುಕೊಟ್ಟವು. ತೈಲ ಬಿಕ್ಕಟ್ಟಿನ ನಂತರ, 1974ರಲ್ಲಿ, ರಾಜ್ಯಗಳು ಆ ಭರವಸೆಯನ್ನು ರದ್ದುಪಡಿಸಿದಾಗ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಒಮ್ಮೆ ಮಾಡಿದ ಕರಾರನ್ನು ಹಾಗೆ ಮುರಿಯುವಂತಿಲ್ಲ ಎಂದು 1977ರಲ್ಲಿ ತೀರ್ಪು ಬಂತು. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದು ಗಮನಾರ್ಹ: ರಸ್ತೆಯ ಹಣ ಹಳಿಗೆ ಹೋಗಬಾರದೆಂಬುದು ಅಲ್ಲಿ ಕೇವಲ ಮನೋಭಾವವಾಗಿ ಉಳಿಯದೆ ಕಾನೂನಿನ ಗೋಡೆಯಾಗಿ ನಿಂತಿತ್ತು.

ಇದರ ನಡುವೆ ಸರಕಿನ ಭೂಗೋಳವೇ ಬದಲಾಯಿತು. 1956ರ ಏಪ್ರಿಲ್‌ನಲ್ಲಿ ಮಾಲ್ಕಮ್ ಮೆಕ್‌ಲೀನ್ ಎಂಬ ಲಾರಿ ಉದ್ಯಮಿ ನ್ಯೂಜೆರ್ಸಿಯ ನೆವಾರ್ಕ್ ಕಟ್ಟೆಯಿಂದ 58 ಕಂಟೇನರ್‌ಗಳ ಹಡಗನ್ನು ಹ್ಯೂಸ್ಟನ್‌ಗೆ ಕಳುಹಿಸಿದರು. ಕಂಟೇನರ್‌ಗೆ ಬೇಕಾದ ವಿಶಾಲ ಬಯಲು ಬ್ರೂಕ್ಲಿನ್‌ನ ಇಕ್ಕಟ್ಟಾದ ಕಟ್ಟೆಗಳಲ್ಲಿ ಇರಲಿಲ್ಲ. ನ್ಯೂಜೆರ್ಸಿಯ ಜೌಗು ನೆಲದಲ್ಲಿ ಇತ್ತು. ಒಂದು ಪೀಳಿಗೆಯ ಅವಧಿಯಲ್ಲಿ ಹಡಗುಗಳೆಲ್ಲ ಪಶ್ಚಿಮ ದಡಕ್ಕೆ ಹೋದವು, ತಿನ್ನುವ ಬಾಯಿಗಳು ಪೂರ್ವ ದಡದಲ್ಲಿಯೇ ಉಳಿದವು. 1974ರ ಮೇ ತಿಂಗಳಲ್ಲಿ ಪೊಕೀಪ್ಸಿಯ ರೈಲು ಸೇತುವೆ ಬೆಂಕಿಗೆ ಆಹುತಿಯಾಯಿತು. ನಗರಕ್ಕೆ ಹತ್ತಿರವಿದ್ದ ಕೊನೆಯ ಹಡ್ಸನ್ ಸರಕು ದಾಟುವಿಕೆ ಅದು. ದುರಸ್ತಿ ಮಾಡುವ ಮನಸ್ಸು ಯಾರಿಗೂ ಇರಲಿಲ್ಲ. 2009ರಲ್ಲಿ ಅದನ್ನು ಪಾದಚಾರಿಗಳ ವಿಹಾರಪಥವಾಗಿ ತೆರೆಯಲಾಯಿತು. ಸೆಲ್ಕರ್ಕ್ ಸುತ್ತು ಅನಿವಾರ್ಯವಾದದ್ದು ಹೀಗೆ. ಹಳೆಯ ವ್ಯಾಗನ್ ನಾವೆಗಳ ಪೈಕಿ ಉಳಿದದ್ದು ಒಂದೇ ಸೇವೆ. ಅದನ್ನು ಪ್ರಾಧಿಕಾರವೇ 2008ರಲ್ಲಿ ಕೊಂಡು ಇಂದಿಗೂ ನಡೆಸುತ್ತಿದೆ.

ಇನ್ನು ಲಾರಿಗಳು. ಲಾರಿ ಯಾವ ದಾರಿ ಹಿಡಿಯುತ್ತದೆ ಎಂಬುದನ್ನು ನಕ್ಷೆಗಿಂತ ಸುಂಕ ನಿರ್ಧರಿಸುತ್ತದೆ ಎಂಬುದಕ್ಕೆ ನ್ಯೂಯಾರ್ಕ್‌ನಷ್ಟು ಸೊಗಸಾದ ಉದಾಹರಣೆ ನಾನು ಕಂಡಿಲ್ಲ. ಬ್ರೂಕ್ಲಿನ್ ಮತ್ತು ಸ್ಟೇಟನ್ ದ್ವೀಪವನ್ನು ಜೋಡಿಸುವ ವೆರಜಾನೊ ಸೇತುವೆ 1964ರಲ್ಲಿ ತೆರೆಯಿತು. ಸುಂಕದ ಕಟ್ಟೆಯಲ್ಲಿ ಸಾಲುಗಟ್ಟಿ ನಿಲ್ಲುವ ವಾಹನಗಳ ಹೊಗೆ ತಾಳಲಾರೆವೆಂದು ದ್ವೀಪದ ನಿವಾಸಿಗಳು ದೂರಿದ್ದರಿಂದ, ಸ್ಟೇಟನ್ ದ್ವೀಪದ ಕಡೆಗೆ ಹೋಗುವಾಗ ಮಾತ್ರ ಸುಂಕ ಪಡೆಯಬೇಕೆಂದು 1986ರಲ್ಲಿ ಅಮೆರಿಕದ ಸಂಸತ್ತೇ ಕಾನೂನು ಮಾಡಿತು. ಹಡ್ಸನ್ ದಾಟುವಿಕೆಗಳಲ್ಲಿ ಮೊದಲೇ ನ್ಯೂಯಾರ್ಕ್ ಕಡೆಗೆ ಬರುವಾಗ ಮಾತ್ರ ಸುಂಕವಿತ್ತು. ಬ್ರೂಕ್ಲಿನ್ ಮತ್ತು ಮ್ಯಾನ್‌ಹಟನ್ ನಡುವಿನ ಹಳೆಯ ಸೇತುವೆಗಳಿಗೆ ಸುಂಕವೇ ಇಲ್ಲ. ಲಾರಿ ಚಾಲಕರು ಲೆಕ್ಕ ಹಾಕಿದರು. ವೆರಜಾನೊ ಮೂಲಕ ಪುಕ್ಕಟೆಯಾಗಿ ಬ್ರೂಕ್ಲಿನ್‌ಗೆ ಬರುವುದು. ಹಿಂದಿರುಗುವಾಗ ಮ್ಯಾನ್‌ಹಟನ್ ಸೇತುವೆ ದಾಟಿ, ಕೆನಾಲ್ ಸ್ಟ್ರೀಟ್ ಎಂಬ ಕಿಕ್ಕಿರಿದ ಪೇಟೆಬೀದಿಯಲ್ಲಿ ಹಾದು, ಹಡ್ಸನ್ ಅಡಿಯ ಸುರಂಗದಲ್ಲಿ ಪುಕ್ಕಟೆಯಾಗಿ ಹೊರಬೀಳುವುದು. ಒಂದು ದಡದ ಹೊಗೆ ತಪ್ಪಿಸಲು ಹೋಗಿ ಇನ್ನೊಂದು ದಡದ ಬೀದಿಗೆ ಲಾರಿಗಳನ್ನು ಅಟ್ಟಿದಂತಾಯಿತು. ಎರಡೂ ದಿಕ್ಕಿನ ಸುಂಕ ಮರಳಿ ಬರಲು 2020ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನು ಫಲ ಎಂಬ ನಮ್ಮ ಗಾದೆ ಇಲ್ಲಿ ತಿರುಗುಮುರುಗಾಯಿತು: ದುಃಖ ಕೇಳಿ ಸುಂಕ ಬಿಟ್ಟದ್ದೇ ಅನಾಹುತವಾಯಿತು.

ಲಾರಿ ತಾನು ಉಂಟುಮಾಡುವ ವೆಚ್ಚವನ್ನು ಪೂರ್ತಿಯಾಗಿ ತೆರುವುದಿಲ್ಲ ಎಂಬುದು ಸಾರಿಗೆ ಅರ್ಥಶಾಸ್ತ್ರದ ಹಳೆಯ ಮಾತು. ಇದನ್ನು ಲಾರಿ ಮಾಲೀಕರ ಮೇಲಿನ ದ್ವೇಷವೆಂದು ತಿಳಿಯಬೇಕಿಲ್ಲ, ಲೆಕ್ಕವಷ್ಟೆ. 1950ರ ದಶಕದ ಕೊನೆಯಲ್ಲಿ ಇಲಿನಾಯ್ ರಾಜ್ಯದಲ್ಲಿ ನಡೆದ ಪ್ರಸಿದ್ಧ ರಸ್ತೆ ಪರೀಕ್ಷೆಯ ಪ್ರಕಾರ, ರಸ್ತೆಗೆ ಆಗುವ ಸವೆತವು ಅಚ್ಚಿನ ಮೇಲಿನ ಭಾರದ ಸರಿಸುಮಾರು ನಾಲ್ಕನೆಯ ಘಾತದಂತೆ ಏರುತ್ತದೆ. ಭಾರತ ಸರ್ಕಾರ 2018ರ ಜುಲೈನಲ್ಲಿ ನಾಲ್ಕು ಗಾಲಿಗಳ ಒಂಟಿ ಅಚ್ಚಿನ ಮಿತಿಯನ್ನು 10.2 ಟನ್‌ನಿಂದ 11.5 ಟನ್‌ಗೆ ಏರಿಸಿತು. ಭಾರ ಹೆಚ್ಚಿದ್ದು ಶೇ 13ರಷ್ಟು ಮಾತ್ರ. ಮೇಲಿನ ಸೂತ್ರದಂತೆ ಸವೆತ ಹೆಚ್ಚುವುದು ಶೇ 60ಕ್ಕೂ ಮಿಗಿಲು. ಆ ಹೆಚ್ಚುವರಿ ಸವೆತದ ಬಿಲ್ಲು ಲಾರಿಯ ಬಾಡಿಗೆಯಲ್ಲಿ ಕಾಣಿಸುವುದಿಲ್ಲ, ಲೋಕೋಪಯೋಗಿ ಇಲಾಖೆಯ ನಿರ್ವಹಣಾ ಶೀರ್ಷಿಕೆಯಲ್ಲಿ ಕಾಣಿಸುತ್ತದೆ.

ನ್ಯೂಯಾರ್ಕ್‌ನ ಬ್ರೂಕ್ಲಿನ್–ಕ್ವೀನ್ಸ್ ಎಕ್ಸ್‌ಪ್ರೆಸ್‌ವೇಯಲ್ಲಿ ಆ ಬಿಲ್ಲು ಕಣ್ಣಿಗೇ ಕಾಣುವಂತಾಗಿದೆ. ಅಲ್ಲಿನ ಹಳೆಯ ಮೂರು ಅಂತಸ್ತಿನ ಕಟ್ಟೋಣ ಶಿಥಿಲಗೊಂಡು, ಅದರ ಆಯುಷ್ಯ ಉಳಿಸಲು 2021ರಲ್ಲಿ ಮೂರು ಲೇನ್‌ಗಳನ್ನು ಎರಡಕ್ಕೆ ಇಳಿಸಲಾಯಿತು. 2023ರ ನವೆಂಬರ್‌ನಿಂದ ಚಲಿಸುವ ಲಾರಿಯ ತೂಕವನ್ನು ರಸ್ತೆಯಲ್ಲಿಯೇ ಅಳೆದು, ಮಿತಿ ಮೀರಿದರೆ 650 ಡಾಲರ್ ದಂಡ ವಿಧಿಸುವ ವ್ಯವಸ್ಥೆ ಬಂದಿದೆ. ಇನ್ನು ಹೊಗೆಯ ಬಿಲ್ಲನ್ನು ತೆರುತ್ತಿರುವುದು ದಕ್ಷಿಣ ಬ್ರಾಂಕ್ಸ್‌ನ ಬಡ ಬಡಾವಣೆಗಳ ಮಕ್ಕಳು. ಹೆದ್ದಾರಿಗಳು ಸುತ್ತುವರಿದ ಆ ಭಾಗಕ್ಕೆ ‘ಆಸ್ತಮಾ ಓಣಿ’ ಎಂಬ ಅಡ್ಡಹೆಸರೇ ಬಿದ್ದಿದೆ.

ಸುರಂಗದ ವಾದಕ್ಕೆ ಮರುಜೀವ ಕೊಟ್ಟವರು ಕಾಂಗ್ರೆಸ್ ಸದಸ್ಯ ಜೆರಾಲ್ಡ್ ನ್ಯಾಡ್ಲರ್. 1992ರಿಂದ ಪ್ರತಿನಿಧಿ ಸಭೆಯಲ್ಲಿರುವ ಅವರು ಮೂರು ದಶಕಕ್ಕೂ ಹೆಚ್ಚು ಕಾಲ ಇದೊಂದು ವಿಷಯವನ್ನು ಬಿಡದೆ ಹಿಡಿದರು. ಒಂದು ವ್ಯಾಗನ್ ಮೂರು ನಾಲ್ಕು ಲಾರಿಗಳ ಹೊರೆ ಹೊರುತ್ತದೆ ಎಂಬ ಸರಳ ಅಂಕಿಯೇ ಅವರ ವಾದದ ತಿರುಳು. ಅವರ ಪ್ರಯತ್ನದಿಂದ 2005ರ ಸಾರಿಗೆ ಮಸೂದೆಯಲ್ಲಿ ಯೋಜನೆಗೆ 10 ಕೋಟಿ ಡಾಲರ್ ದೊರೆಯಿತು. ವಿಪರ್ಯಾಸವೆಂದರೆ, ಅದೇ ವರ್ಷ ಚುನಾವಣೆ ಎದುರಿಸಲಿದ್ದ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಯೋಜನೆಗೆ ವಿರೋಧ ಸಾರಿದರು. ನಂತರ ಹೊಣೆ ಮತ್ತೆ ಬಂದರು ಪ್ರಾಧಿಕಾರದ ಮಡಿಲಿಗೇ ಬಂತು. ಅದರ ಪರಿಸರ ಅಧ್ಯಯನದ ಮೊದಲ ಹಂತದ ಅಂತಿಮ ವರದಿ 2015ರಲ್ಲಿ ಪ್ರಕಟವಾಗಿ ಎರಡು ದಾರಿಗಳನ್ನು ಉಳಿಸಿತು: ವ್ಯಾಗನ್ ನಾವೆಗಳ ಸೇವೆಯನ್ನು ಹಿಗ್ಗಿಸುವುದು ಅಥವಾ ರೈಲು ಸುರಂಗ ಕೊರೆಯುವುದು. ಅಧ್ಯಯನದ ಹಂತದಲ್ಲಿ, ರೈಲು ಸುರಂಗದೊಳಗೆ ಲಾರಿಗಳಿಗೂ ಚಲಿಸಲು ಅವಕಾಶ ಕೊಡುವ ಪರ್ಯಾಯವೊಂದನ್ನೂ ಪರಿಶೀಲಿಸಲಾಗಿತ್ತು! 2026ರ ಚುನಾವಣೆಗೆ ತಾನು ನಿಲ್ಲುವುದಿಲ್ಲವೆಂದು ನ್ಯಾಡ್ಲರ್ 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದರು. ಒಂದು ಮೀಟರು ಸುರಂಗವನ್ನೂ ಅವರು ಕಾಣಲಿಲ್ಲ.

ಬ್ಲೂಮ್‌ಬರ್ಗ್ ವಿರೋಧಿಸಿದ್ದು ಕೇವಲ ಮತಗಳಿಗಾಗಿ ಎನ್ನುವುದು ಅರ್ಧಸತ್ಯ. ಕ್ವೀನ್ಸ್‌ನ ಮ್ಯಾಸ್ಪೆತ್ ಬಡಾವಣೆಯಲ್ಲಿ ಸುರಂಗದಿಂದ ಬಂದ ಸರಕನ್ನು ರೈಲಿನಿಂದ ಲಾರಿಗೆ ವರ್ಗಾಯಿಸುವ ದೊಡ್ಡ ಯಾರ್ಡ್ ಬರುವುದಿತ್ತು. ನಗರಕ್ಕೆಲ್ಲ ಲಾರಿ ಕಡಿಮೆಯಾದರೂ ನಮ್ಮ ಬೀದಿಗೆ ಹೆಚ್ಚಾಗುತ್ತದಲ್ಲ ಎಂದು ಅಲ್ಲಿನ ಜನ ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದು. ಸರಕು ಸುರಂಗದಿಂದ ಹೊರಬಂದ ಕೂಡಲೇ ಮಾಯವಾಗುವುದಿಲ್ಲ. ಅಂಗಡಿಯ ಬಾಗಿಲಿಗೆ ಅದನ್ನು ತಲುಪಿಸಲು ಲಾರಿಯೇ ಬೇಕು. ಒಟ್ಟು ಲಾಭ ದೊಡ್ಡದಿದ್ದರೂ ನಷ್ಟವೆಲ್ಲ ಒಂದೇ ಮೊಹಲ್ಲಾದ ಮೇಲೆ ಬೀಳುವಂತಿದ್ದರೆ, ಆ ಮೊಹಲ್ಲಾಕ್ಕೆ ಪರಿಹಾರ ಕೊಡದೆ ಯೋಜನೆಯನ್ನು ‘ಜನಹಿತ’ ಎಂದು ಕರೆಯಲು ಬರುವುದಿಲ್ಲ. ನಮ್ಮಲ್ಲಿ ಭೂಸ್ವಾಧೀನದ ಕಡತಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಆಕ್ಷೇಪ ತಾಂತ್ರಿಕವಾದದ್ದು, ಹೆಚ್ಚು ಗಂಭೀರವಾದದ್ದು. ರೈಲಿಗೆ ಲಾಭ ಇರುವುದು ದೂರದ ಸಾಗಣೆಯಲ್ಲಿ. ಏರಿಸುವ, ಇಳಿಸುವ, ಬೋಗಿ ಜೋಡಿಸುವ ಖರ್ಚು ಹತ್ತಾರು ಕಿಲೋಮೀಟರಿನ ಪಯಣಕ್ಕೂ ಅಷ್ಟೇ, ಸಾವಿರ ಕಿಲೋಮೀಟರಿಗೂ ಅಷ್ಟೇ. ನೆವಾರ್ಕ್‌ನಲ್ಲಿ ಹಡಗಿನಿಂದ ಇಳಿದು ಬ್ರೂಕ್ಲಿನ್‌ಗೆ ಹೋಗುವ ಕಂಟೇನರ್ ಸುರಂಗವಿದ್ದರೂ ಬಹುಶಃ ಲಾರಿಯಲ್ಲೇ ಹೋಗುತ್ತದೆ. ಸುರಂಗ ಸೆಳೆಯಬಹುದಾದದ್ದು ದೇಶದ ಮಧ್ಯ, ಪಶ್ಚಿಮ ಹಾಗೂ ದಕ್ಷಿಣ ಭಾಗಗಳಿಂದ ಬರುವ ಧಾನ್ಯ, ಕಾಗದ, ಮರ, ಕಟ್ಟಡ ಸಾಮಗ್ರಿಗಳನ್ನು, ಹೊರಹೋಗುವ ಕಸವನ್ನು. ಆದ್ದರಿಂದ ಸುರಂಗ ಕೊರೆದ ಮರುದಿನ ಬೀದಿಗಳು ಖಾಲಿಯಾಗುತ್ತವೆ ಎನ್ನುವವರ ಮಾತನ್ನು ನಂಬಬೇಕಾಗಿಲ್ಲ. ಆದರೆ ಅದನ್ನೇ ಹಿಡಿದು ಸುರಂಗ ಬೇಡವೆನ್ನುವವರು, ಲಾರಿಗೆ ನಿಜವೆಚ್ಚದ ಸುಂಕ ಹಾಕಿದಾಗ ರೈಲಿನ ಲಾಭದಾಯಕ ದೂರವೂ ಕಡಿಮೆಯಾಗುತ್ತದೆ ಎಂಬುದನ್ನು ಮರೆಯುತ್ತಾರೆ. ರೈಲು ಸೋಲುವಂತೆ ಆಟದ ನಿಯಮ ಬರೆದು, ಸೋತಿತಲ್ಲ ಎಂದು ತೋರಿಸುವುದು ವಾದವಲ್ಲ.

ನಿಯಮ ಬೇರೆ ರೀತಿ ಬರೆದರೆ ಏನಾಗುತ್ತದೆಂಬುದನ್ನು ಸ್ವಿಟ್ಜರ್ಲೆಂಡ್ ತೋರಿಸಿದೆ. ಆಲ್ಪ್ಸ್ ದಾಟುವ ಸರಕನ್ನು ರಸ್ತೆಯಿಂದ ಹಳಿಗೆ ತರಬೇಕೆಂದು ಅಲ್ಲಿನ ಮತದಾರರು 1994ರ ಜನಮತಗಣನೆಯಲ್ಲಿ ಸಂವಿಧಾನಕ್ಕೇ ವಿಧಿ ಸೇರಿಸಿದರು. 2001ರಿಂದ ಭಾರಿ ಲಾರಿಗಳಿಗೆ ತೂಕ, ದೂರ ಮತ್ತು ಹೊಗೆಯ ಪ್ರಮಾಣಕ್ಕೆ ಅನುಗುಣವಾದ ಶುಲ್ಕ ಜಾರಿಗೆ ಬಂತು. ಆ ಶುಲ್ಕದ ದೊಡ್ಡ ಪಾಲು ಬೆಟ್ಟದಡಿಯ ರೈಲು ಸುರಂಗಗಳ ನಿರ್ಮಾಣಕ್ಕೆ ಹೋಯಿತು. 57 ಕಿ.ಮೀ. ಉದ್ದದ ಗೊತ್ತಾರ್ಡ್ ಸುರಂಗ 2016ರ ಜೂನ್‌ನಲ್ಲಿ ಉದ್ಘಾಟನೆಯಾಯಿತು. 2000ದಲ್ಲಿ ಸ್ವಿಸ್ ಆಲ್ಪ್ಸ್ ದಾಟುತ್ತಿದ್ದ ಲಾರಿಗಳು ವರ್ಷಕ್ಕೆ 14 ಲಕ್ಷ. ಈಚಿನ ವರ್ಷಗಳಲ್ಲಿ ಅದು 10 ಲಕ್ಷಕ್ಕಿಂತ ಕೆಳಗಿದೆ. ಕಾನೂನು ಇಟ್ಟ ಗುರಿ ಆರೂವರೆ ಲಕ್ಷ. ಅದನ್ನು ಅವರು ಮುಟ್ಟಿಲ್ಲ. ಆದರೂ ಅಲ್ಲಿ ಆಲ್ಪ್ಸ್ ದಾಟುವ ಸರಕಿನ ಸುಮಾರು ಶೇ 70 ಹಳಿಯ ಮೇಲಿದೆ. ನ್ಯೂಯಾರ್ಕ್‌ಗೂ ಸ್ವಿಟ್ಜರ್ಲೆಂಡ್‌ಗೂ ಇರುವ ವ್ಯತ್ಯಾಸ ಎಂಜಿನಿಯರಿಂಗಿನದಲ್ಲ, ಸಂಪತ್ತಿನದೂ ಅಲ್ಲ. ಒಂದೆಡೆ ಲಾರಿಯ ಸುಂಕ ಇನ್ನಷ್ಟು ರಸ್ತೆಗೆ ಹೋಯಿತು, ಇನ್ನೊಂದೆಡೆ ಹಳಿಗೆ ಹೋಯಿತು.

ನ್ಯೂಯಾರ್ಕ್ 2025ರ ಜನವರಿ 5ರಿಂದ ಮ್ಯಾನ್‌ಹಟನ್‌ನ ದಕ್ಷಿಣ ಭಾಗಕ್ಕೆ ಪ್ರವೇಶಿಸುವ ವಾಹನಗಳಿಗೆ ದಟ್ಟಣೆ ಶುಲ್ಕ ವಿಧಿಸುತ್ತಿದೆ. ಕಾರಿಗೆ 9 ಡಾಲರ್, ಸಣ್ಣ ಲಾರಿಗೆ 14.40, ದೊಡ್ಡ ಲಾರಿಗೆ 21.60 ಎಂದು ಹಗಲು ಹೊತ್ತಿನ ದರ ನಿಗದಿಯಾಯಿತು. ಆ ಹಣ ಪ್ರಯಾಣಿಕರ ಸಾರಿಗೆಯ ಸುಧಾರಣೆಗೆ ಮೀಸಲು. ಸ್ವಾಗತಾರ್ಹವೇ. ಆದರೆ ಲಾರಿಯಿಂದ ವಸೂಲಾದ ಶುಲ್ಕಕ್ಕೂ ಲಾರಿಗೆ ಪರ್ಯಾಯವಾಗಬಲ್ಲ ಗೂಡ್ಸ್ ರೈಲಿಗೂ ಇನ್ನೂ ಸಂಬಂಧ ಏರ್ಪಟ್ಟಿಲ್ಲ. ಅತ್ತ, ಸುರಂಗದಿಂದ ಹೊರಬರುವ ರೈಲುಗಳು ಸಾಗಬೇಕಾದ ಬೇ ರಿಡ್ಜ್ ಮಾರ್ಗದ ಗುಂಟ ಪ್ರಯಾಣಿಕರ ಸಾರಿಗೆ ಓಡಿಸುವ ಯೋಜನೆಯನ್ನು ರಾಜ್ಯಪಾಲೆ ಕ್ಯಾಥಿ ಹೋಕಲ್ 2022ರಲ್ಲಿ ಪ್ರಕಟಿಸಿದರು. ಸರಕಿಗೂ ಜಾಗ ಉಳಿಸುತ್ತೇವೆಂಬ ಭರವಸೆ ಇದೆ. ಪ್ರಯಾಣಿಕನಿಗೆ ಮತವಿದೆ, ಗೋಧಿ ಮೂಟೆಗೆ ಇಲ್ಲ. ಜಾಗ ಎಷ್ಟು ಉಳಿಯುತ್ತದೆಂಬುದನ್ನು ಕಾದು ನೋಡಬೇಕು.

ಬೆಂಗಳೂರಿಗೆ ಸಮುದ್ರವಿಲ್ಲ, ನೀರಿನಡಿಯ ಸುರಂಗ ಬೇಕಾಗಿಲ್ಲ. ಆದರೆ ಗಲ್ಲಾಪೆಟ್ಟಿಗೆಯ ಪ್ರಶ್ನೆ ಇಲ್ಲಿಯೂ ಅದೇ. ಹೆಬ್ಬಾಳ–ಸಿಲ್ಕ್ ಬೋರ್ಡ್ ಸುರಂಗ ರಸ್ತೆ ಸುಮಾರು 17 ಕಿ.ಮೀ. ಉದ್ದದ್ದು, 2025ರಲ್ಲಿ ಟೆಂಡರ್ ಕರೆದಾಗ ಅದರ ಅಂದಾಜು ವೆಚ್ಚ 17 ಸಾವಿರ ಕೋಟಿ ರೂಪಾಯಿ ಮೀರಿತ್ತು. ಖಾಸಗಿ ಸಹಭಾಗಿತ್ವ, ಬಳಕೆದಾರರಿಂದ ಟೋಲ್ ಎಂಬುದೇ ಅದರ ಆರ್ಥಿಕ ಲೆಕ್ಕಾಚಾರ. ಇನ್ನೊಂದೆಡೆ, ನಗರದ ಸುತ್ತ 287 ಕಿ.ಮೀ. ಉದ್ದದ ವರ್ತುಲ ರೈಲು ಮಾರ್ಗದ ಪ್ರಸ್ತಾವವನ್ನು ರೈಲ್ವೆ ಇಲಾಖೆ 2024ರಲ್ಲಿ ಪ್ರಕಟಿಸಿತು. ದೊಡ್ಡಬಳ್ಳಾಪುರ, ದೇವನಹಳ್ಳಿ, ಮಾಲೂರು, ಹೀಲಲಿಗೆಗಳನ್ನು ಜೋಡಿಸುವ ಈ ಮಾರ್ಗ ಬಂದರೆ ಗೂಡ್ಸ್ ರೈಲುಗಳು ನಗರದ ನಡುವೆ ಹಾಯದೆ ಹೊರಗಿನಿಂದಲೇ ಸಾಗಬಹುದು. ತುಮಕೂರು, ಹೊಸೂರು ಮತ್ತು ಬಳ್ಳಾರಿ ರಸ್ತೆಗಳ ಲಾರಿ ಹೊರೆಯನ್ನು ಇಳಿಸಿಕೊಳ್ಳುವ ಸರಕು ನಿಲ್ದಾಣಗಳನ್ನು ಅದರ ಗುಂಟ ಕಟ್ಟಬಹುದು. 1922ರ ನ್ಯೂಯಾರ್ಕ್ ಯೋಜನೆಯ ವರ್ತುಲ ಮಾರ್ಗಗಳಿಗೂ ಇದಕ್ಕೂ ಇರುವ ಹೋಲಿಕೆ ಆಕಸ್ಮಿಕವಲ್ಲ. ಒಂದಕ್ಕೆ ಟೋಲ್ ಇದೆ, ಇನ್ನೊಂದಕ್ಕೆ ಇಲ್ಲ. ಯಾವುದು ಮೊದಲು ಟೆಂಡರ್ ಹಂತ ಮುಟ್ಟಿತು ಎಂಬುದನ್ನು ಓದುಗರು ಗಮನಿಸಿರಬಹುದು.

ಲಾರಿಯನ್ನು ರೈಲಿನ ಮೇಲೆ ಏರಿಸುವ ಕಲೆ ನಮಗೆ ಹೊಸದೇನಲ್ಲ. ಕೊಂಕಣ ರೈಲ್ವೆ 1999ರ ಜನವರಿಯಲ್ಲಿ ಮಹಾರಾಷ್ಟ್ರದ ಕೋಲಾಡ್ ಮತ್ತು ಗೋವಾದ ವೆರ್ಣಾ ನಡುವೆ, ಸರಕು ತುಂಬಿದ ಲಾರಿಗಳನ್ನೇ ಚಪ್ಪಟೆ ವ್ಯಾಗನ್‌ಗಳ ಮೇಲೆ ಒಯ್ಯುವ ‘ರೋರೋ’ ಸೇವೆ ಆರಂಭಿಸಿ, ಮುಂದೆ ಅದನ್ನು ನಮ್ಮ ಸುರತ್ಕಲ್‌ವರೆಗೆ ವಿಸ್ತರಿಸಿತು. ಘಟ್ಟದ ತಿರುವುಗಳಲ್ಲಿ ಸುಡುವ ಡೀಸೆಲ್ ಮತ್ತು ಚಾಲಕರ ಪ್ರಾಣ ಎರಡೂ ಉಳಿಯುವ ಏರ್ಪಾಡು ಅದು. ನೈರುತ್ಯ ರೈಲ್ವೆ 2020ರ ಆಗಸ್ಟ್‌ನಲ್ಲಿ ನೆಲಮಂಗಲದಿಂದ ಸೊಲ್ಲಾಪುರ ಸಮೀಪದ ಬಾಳೆಗೆ, 682 ಕಿ.ಮೀ. ದೂರಕ್ಕೆ, ಇಂಥದೇ ಸೇವೆಗೆ ಚಾಲನೆ ನೀಡಿತು. ಒಂದು ರೈಲಿಗೆ 42 ಲಾರಿ. ಇಂಥ ಸೇವೆ ಪ್ರತಿದಿನ ತುಂಬಿ ಓಡಬೇಕಾದರೆ ಲಾರಿ ಮಾಲೀಕನಿಗೆ ರೈಲಿನ ಬಾಡಿಗೆಯು ಟೋಲ್ ಮತ್ತು ಡೀಸೆಲ್‌ಗಿಂತ ಅಗ್ಗವಾಗಿ ಕಾಣಬೇಕು. ನಮ್ಮಲ್ಲಿ ಪ್ರಯಾಣಿಕರ ರಿಯಾಯಿತಿಯ ಭಾರವನ್ನು ಸರಕಿನ ದರದ ಮೇಲೆ ಹೊರಿಸುವ ಪದ್ಧತಿ ದಶಕಗಳಿಂದ ನಡೆದುಬಂದಿದೆ. ಸ್ವಾತಂತ್ರ್ಯಾನಂತರದ ಮೊದಲ ವರ್ಷಗಳಲ್ಲಿ ದೇಶದ ಸರಕಿನ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ರೈಲಿನಲ್ಲಿ ಹೋಗುತ್ತಿತ್ತು; ರಾಷ್ಟ್ರೀಯ ರೈಲು ಯೋಜನೆ ಸಿದ್ಧವಾಗುವ ಹೊತ್ತಿಗೆ ಅದು ಶೇ 27ರ ಆಸುಪಾಸಿಗೆ ಇಳಿದಿತ್ತು. 2030ರೊಳಗೆ ಶೇ 45ಕ್ಕೆ ಏರಿಸುವ ಗುರಿಯನ್ನು ಆ ಯೋಜನೆ ಇಟ್ಟುಕೊಂಡಿದೆ. ದರದ ರಚನೆ ಬದಲಾಗದೆ ಈ ಗುರಿ ತಲುಪುವುದು ಹೇಗೆ ಎಂಬುದನ್ನು ಯೋಜಕರೇ ವಿವರಿಸಬೇಕು.

ಕರ್ನಾಟಕದಲ್ಲಿ ಸರಕು ಸಾಗಣೆಗೆ ಮನೆಯಜಮಾನ ಯಾರು ಎಂಬುದೂ ತಿಳಿಯದು. ಹಳಿ ಕೇಂದ್ರದ್ದು, ಲಾರಿಯ ಪರವಾನಗಿ ಸಾರಿಗೆ ಇಲಾಖೆಯದು, ನಗರದೊಳಗೆ ಲಾರಿ ಪ್ರವೇಶದ ವೇಳೆ ಪೊಲೀಸರದು, ಮಂಡಿಗಳು ಕೃಷಿ ಮಾರುಕಟ್ಟೆ ಇಲಾಖೆಯವು, ರಸ್ತೆ ಈಗ ಗ್ರೇಟರ್ ಬೆಂಗಳೂರು ಪ್ರಾಧಿಕಾರದ್ದು. ಯಶವಂತಪುರದ ಮಾರುಕಟ್ಟೆಗೆ ರಾತ್ರಿ ಬಂದಿಳಿಯುವ ಈರುಳ್ಳಿ ಇಷ್ಟೂ ಇಲಾಖೆಗಳನ್ನು ಹಾದು ಬರುತ್ತದೆ. ಯಾರ ಆಯವ್ಯಯದಲ್ಲಿಯೂ ಅದರ ಪ್ರಯಾಣಕ್ಕೆ ಒಂದು ಶೀರ್ಷಿಕೆಯಿಲ್ಲ.

ರಾಜ್ಯ ಸರ್ಕಾರ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಬೆಂಗಳೂರಿನ ಸುತ್ತ ಮುಂದೆ ಬರುವ ಪ್ರತಿಯೊಂದು ಟೋಲ್ ರಸ್ತೆಯ ಒಪ್ಪಂದದಲ್ಲಿಯೂ, ಭಾರಿ ವಾಹನಗಳಿಂದ ವಸೂಲಾಗುವ ಸುಂಕದ ನಿರ್ದಿಷ್ಟ ಪಾಲು ವರ್ತುಲ ರೈಲಿನ ಭೂಸ್ವಾಧೀನ ಮತ್ತು ಸರಕು ನಿಲ್ದಾಣಗಳ ನಿಧಿಗೆ ಹೋಗಬೇಕೆಂಬ ಷರತ್ತನ್ನು ಸೇರಿಸುವುದು ಮೊದಲನೆಯದು. ಆ ನಿಲ್ದಾಣಗಳು ಬರುವ ಊರುಗಳಿಗೆ, ಮ್ಯಾಸ್ಪೆತ್ ಜನರು ಕೇಳಿದ ಪ್ರಶ್ನೆ ಏಳುವ ಮುನ್ನವೇ, ಪ್ರತ್ಯೇಕ ಸಂಪರ್ಕ ರಸ್ತೆ ಮತ್ತು ಪರಿಹಾರವನ್ನು ಅದೇ ನಿಧಿಯಿಂದ ಗೊತ್ತುಪಡಿಸುವುದು ಎರಡನೆಯದು. ಇದನ್ನು ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ ಮಾಡಬೇಕು. ಸಹಿಯಾದ ಮೇಲೆ ಮೂವತ್ತು ವರ್ಷಗಳ ಟೋಲ್ ಹಕ್ಕು ಪಡೆದ ಕಂಪನಿ ಮತ್ತು ಅದಕ್ಕೆ ಸಾಲ ಕೊಟ್ಟ ಬ್ಯಾಂಕುಗಳು, ನ್ಯೂಯಾರ್ಕ್‌ನ ಸಾಲಪತ್ರದಾರರು 1974ರ ನಂತರ ಹೋದಂತೆಯೇ, ನ್ಯಾಯಾಲಯಕ್ಕೆ ಹೋಗುತ್ತವೆ.